ತೂಕದ ಬ್ರಿಜ್ ಹಾಕಿದರೆ ಬೇಸ್ ಗಿಟಾರ್ ಸರಿಹೋಗುತ್ತದೆಯೇ?

ಪ್ರಶ್ನೆ: ನಾನು ನಮ್ಮೂರಿನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ನನ್ನದು ಜಾಝ್ ಬೇಸ್ ಮಾದರಿಯ, ನಾಲ್ಕು ತಂತಿಯ, ಕಡಿಮೆ ಬೆಲೆಯ ವಾದ್ಯ. ಮೂರು ತೊಂದರೆಗಳಿವೆ. ದಪ್ಪ ‘ಇ’ ತಂತಿ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಸೇರುವುದಿಲ್ಲ, ಸ್ವರ ಏರಿಯೇ ಕೇಳುತ್ತದೆ. ಬ್ರಿಜ್ ಮೇಲೆ ಆ ತಂತಿ ಕೂರುವ ಸ್ಯಾಡಲನ್ನು ಹಿಂದಕ್ಕೆ ಎಳೆಯೋಣವೆಂದರೆ ಸ್ಕ್ರೂ ಇನ್ನು ತಿರುಗುವುದೇ ಇಲ್ಲ. ಬ್ರಿಜ್ ಮೇಲೆ ಅಂಗೈ ಊರಿದರೆ ಸಣ್ಣ ಸ್ಕ್ರೂಗಳು ಚುಚ್ಚುತ್ತವೆ. ‘ಜಿ’ ತಂತಿಯ ಒಂದೆರಡು ಸ್ವರಗಳು ಮೀಟಿದ ಕೂಡಲೇ ಸಾಯುತ್ತವೆ. ಹಿತ್ತಾಳೆಯ ತೂಕದ ಬ್ರಿಜ್ ಹಾಕಿಸಿದರೆ ಎಲ್ಲವೂ ಸರಿಹೋಗಿ ನಾದ ಹೆಚ್ಚು ಹೊತ್ತು ಉಳಿಯುತ್ತದೆ ಎನ್ನುತ್ತಾರೆ. ನಿಜವೇ? ಮನೆಯಲ್ಲೇ ಬದಲಿಸಬಹುದೇ?
ಓದುಗರೊಬ್ಬರು, ಸಾಗರ

ಉತ್ತರ: ಮೊದಲು ನಿಮಗೆ ಬೇಕಾದ ನೇರ ಉತ್ತರ. ಮೂರು ತೊಂದರೆಗಳಲ್ಲಿ ಮೊದಲ ಎರಡು ಈಗಿರುವ ಬ್ರಿಜ್‌ನಲ್ಲೇ ಸರಿಹೋಗುವ ಸಾಧ್ಯತೆ ಹೆಚ್ಚು. ಅದಕ್ಕೆ ತಗಲುವ ಖರ್ಚು ಒಂದು ಸೆಟ್ ತಂತಿಯ ಬೆಲೆಯನ್ನು ದಾಟುವುದಿಲ್ಲ. ಮೂರನೆಯದಕ್ಕೆ ಕಾರಣ ಬ್ರಿಜ್ ಅಲ್ಲವೇ ಅಲ್ಲ. ಎಷ್ಟು ತೂಕದ ಹಿತ್ತಾಳೆ ತಂದು ಕೂರಿಸಿದರೂ ಆ ಸ್ವರಗಳು ಸಾಯುವುದು ತಪ್ಪುವುದಿಲ್ಲ. ಹಾಗೆಂದು ಬ್ರಿಜ್ ಬದಲಿಸುವುದೇ ದಂಡ ಎಂದು ನಾನು ಹೇಳುತ್ತಿಲ್ಲ. ಬದಲಿಸಲೇಬೇಕಾದ ಸಂದರ್ಭಗಳಿವೆ, ಮತ್ತು ಅವೆಲ್ಲ ಬಹುಮಟ್ಟಿಗೆ ಅಳತೆಗೆ ಸಂಬಂಧಿಸಿದವು. ನಾದದ ಮಾತನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಸ್ಟೀಲ್ ಸ್ಕೇಲು, ಶ್ರುತಿ ನೋಡುವ ಟ್ಯೂನರ್ ಹಿಡಿದು ಕೂತರೆ, ನಿಮ್ಮ ಬ್ರಿಜ್ ಸಾಕೋ ಸಾಲದೋ ಒಂದೇ ಸಂಜೆಯಲ್ಲಿ ತಿಳಿದುಬಿಡುತ್ತದೆ.

ಬ್ರಿಜ್ ಮಾಡುವ ಕೆಲಸವನ್ನು ನೋಡಿ. ನಾಲ್ಕೂ ತಂತಿ ಶ್ರುತಿಗೆ ಬಂದಾಗ ಒಟ್ಟು 70 ಕಿಲೋಗೂ ಹೆಚ್ಚಿನ ಎಳೆತವನ್ನು ಅದು ತಡೆದುಕೊಳ್ಳಬೇಕು. ಪ್ರತಿ ತಂತಿಯ ಕಂಪನ ಎಲ್ಲಿ ಮುಗಿಯಬೇಕು, ತಂತಿ ಫ್ರೆಟ್‌ಗಳಿಂದ ಎಷ್ಟು ಎತ್ತರದಲ್ಲಿರಬೇಕು, ಪಕ್ಕದ ತಂತಿಯಿಂದ ಎಷ್ಟು ದೂರವಿರಬೇಕು ಎಂಬುದನ್ನು ಗೊತ್ತುಮಾಡಿ, ಎಷ್ಟೇ ಜೋರಾಗಿ ಮೀಟಿದರೂ ಅಲುಗದಂತೆ ಹಿಡಿದಿರಬೇಕು. ನಿಮ್ಮ ವಾದ್ಯದ ಮೇಲಿರುವ ಬಗ್ಗಿಸಿದ ತಗಡಿನ ಬ್ರಿಜ್ ಈ ಕೆಲಸಕ್ಕೆಂದೇ ಹಂತಹಂತವಾಗಿ ಬೆಳೆದು ಬಂದದ್ದು. ಲಿಯೊ ಫೆಂಡರ್ 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪ್ರಿಸಿಷನ್ ಬೇಸ್ ತಂದಾಗ ಅದರ ಬ್ರಿಜ್‌ನಲ್ಲಿ ನಾಲ್ಕು ತಂತಿಗೆ ಎರಡೇ ಸ್ಯಾಡಲ್ ಇದ್ದವು, ಅವೂ ಒತ್ತಿದ ಫೈಬರಿನವು. ಎರಡು ತಂತಿಗೆ ಒಂದೇ ಸ್ಯಾಡಲ್ ಎಂದರೆ ಒಂದನ್ನು ಶ್ರುತಿಗೆ ತಂದಾಗ ಇನ್ನೊಂದು ಸ್ವಲ್ಪ ತಪ್ಪುತ್ತದೆ, ರಾಜಿ ಮಾಡಿಕೊಳ್ಳಲೇಬೇಕು. 1957ರಲ್ಲಿ ತಂತಿಗೊಂದರಂತೆ ನಾಲ್ಕು ಉಕ್ಕಿನ ಸ್ಯಾಡಲ್ ಬಂದವು. 1960ರಲ್ಲಿ ಬಂದ ಜಾಝ್ ಬೇಸ್ ಕೂಡ ಅದನ್ನೇ ಇಟ್ಟುಕೊಂಡಿತು. ಇಂದು ನಿಮ್ಮ ಕೈಯಲ್ಲಿರುವುದು ಅದರದೇ ಸಂತತಿ. ನೋಡಲು ಬಡಪಾಯಿ ತಗಡಿನಂತೆ ಕಂಡರೂ, ಒಂದೊಂದು ತಂತಿಯ ಉದ್ದವನ್ನೂ ಎತ್ತರವನ್ನೂ ಬೇರೆಬೇರೆಯಾಗಿ ಹೊಂದಿಸಲು ಬೇಕಾದ ಸೌಕರ್ಯವೆಲ್ಲ ಅದರಲ್ಲಿದೆ.

ಈಗ ಇ ತಂತಿಯ ವಿಷಯ. ನಿಮ್ಮ ಬೇಸ್‌ನ ತಂತಿಯ ನಿಗದಿತ ಉದ್ದ (ಸ್ಕೇಲ್) 34 ಇಂಚು, ಅಂದರೆ ಸುಮಾರು 864 ಮಿ.ಮೀ. ಲೆಕ್ಕದ ಪ್ರಕಾರ 12ನೆಯ ಫ್ರೆಟ್ ಇದರ ಸರಿಯಾದ ನಡುವಿನಲ್ಲಿದೆ. ಆದರೆ ತಂತಿಯನ್ನು ಫ್ರೆಟ್ಟಿಗೆ ಒತ್ತಿದಾಗ ಅದು ಸ್ವಲ್ಪ ಬಿಗಿಯಾಗುತ್ತದೆ. ದಪ್ಪ ತಂತಿಗೆ ಬಿಗುಪೂ ಹೆಚ್ಚು. ಇವೆರಡರಿಂದ ಸ್ವರ ಏರುತ್ತದೆ. ಅದನ್ನು ಸರಿದೂಗಿಸಲು ಸ್ಯಾಡಲನ್ನು ನೆಕ್‌ನಿಂದ ದೂರಕ್ಕೆ ಸರಿಸಿ ತಂತಿಯನ್ನು ತುಸು ಉದ್ದ ಮಾಡುತ್ತೇವೆ. ಜಿ ತಂತಿಗೆ ಸ್ವಲ್ಪ ಸಾಕು, ಇ ತಂತಿಗೆ ಎಲ್ಲಕ್ಕಿಂತ ಹೆಚ್ಚು ಬೇಕು. ಸರಿಯಾಗಿ ಹೊಂದಿಸಿದ ಯಾವ ಬೇಸ್‌ನಲ್ಲಾದರೂ ಸ್ಯಾಡಲ್‌ಗಳು ಓರೆಯಾಗಿ ಮೆಟ್ಟಿಲಿಳಿದಂತೆ ನಿಂತಿರುವುದು ಇದಕ್ಕೇ. ಸ್ಯಾಡಲ್ 1 ಮಿ.ಮೀ. ಹಿಂದೆ ಹೋದರೆ 12ನೆಯ ಫ್ರೆಟ್ಟಿನ ಸ್ವರ ಸುಮಾರು 2 ಸೆಂಟ್‌ನಷ್ಟು ಇಳಿಯುತ್ತದೆ. ಅರ್ಧ ಸ್ವರಕ್ಕೆ 100 ಸೆಂಟ್. ಹಾಗಾಗಿ ನಿಮ್ಮ ಟ್ಯೂನರ್‌ನಲ್ಲಿ 12ನೆಯ ಫ್ರೆಟ್ 6 ಸೆಂಟ್ ಏರಿ ತೋರಿಸಿದರೆ ಇನ್ನು 3 ಮಿ.ಮೀ. ಹಿಂದಕ್ಕೆ ಜಾಗ ಬೇಕು ಎಂದು ಲೆಕ್ಕ ಹಾಕಬಹುದು.

ಜಾಗವೇ ಇಲ್ಲ, ಸ್ಕ್ರೂ ತಿರುಗುವುದಿಲ್ಲ ಎಂದಿರಿ. ಹಲವು ಬೇಸ್‌ಗಳಲ್ಲಿ ಇದಕ್ಕೆ ಕಾರಣ ಸ್ಯಾಡಲ್‌ಗೂ ಹಿಂಬದಿಯ ತಗಡಿಗೂ ನಡುವೆ ಇರುವ ಸ್ಪ್ರಿಂಗ್. ನಾಲ್ಕು ತಂತಿಗೂ ಒಂದೇ ಉದ್ದದ ಸ್ಪ್ರಿಂಗ್ ಹಾಕಿರುತ್ತಾರೆ. ಅತಿ ಹಿಂದೆ ಹೋಗಬೇಕಾದ ಇ ಸ್ಯಾಡಲ್‌ನದು ಪೂರ್ತಿ ಅದುಮಿ, ಸುರುಳಿಗೆ ಸುರುಳಿ ತಾಗಿ, ಗಟ್ಟಿ ಕೊಳವೆಯಂತಾಗಿಬಿಡುತ್ತದೆ. ತಂತಿಯನ್ನು ಸಡಿಲಿಸಿ, ಆ ಉದ್ದನೆಯ ಸ್ಕ್ರೂ ಬಿಚ್ಚಿ, ಸ್ಪ್ರಿಂಗನ್ನು ಕಟಿಂಗ್ ಪ್ಲೇಯರ್‌ನಿಂದ ಅರ್ಧಕ್ಕೆ ಕತ್ತರಿಸಿ ಮತ್ತೆ ಹಾಕಿ. ಪೂರ್ತಿ ತೆಗೆದರೂ ನಡೆಯುತ್ತದೆ. ತಂತಿ ಶ್ರುತಿಯಲ್ಲಿರುವಾಗ ಅದರ ಎಳೆತವೇ ಸ್ಯಾಡಲನ್ನು ನೆಕ್ ಕಡೆಗೆ ಒತ್ತಿ ಹಿಡಿದಿರುತ್ತದೆ. ಇದರಿಂದ ಮೂರು ನಾಲ್ಕು ಮಿ.ಮೀ. ಜಾಗ ಸುಲಭವಾಗಿ ಸಿಗುತ್ತದೆ. ಸ್ಯಾಡಲ್ ಅಷ್ಟು ಹಿಂದೆ ಹೋದಾಗ ಒಂದು ಎಚ್ಚರಿಕೆ: ತಂತಿಯ ಗುಂಡು ತುದಿಯ ಬಳಿ ದಪ್ಪನೆಯ ಇಮ್ಮಡಿ ಸುತ್ತು ಇರುತ್ತದೆ. ಅದು ಸ್ಯಾಡಲ್ ಮೇಲೆ ಬಂದು ಕೂರಬಾರದು. ಕೂತರೆ ಮತ್ತೆ ಸ್ವರ ಕೆಡುತ್ತದೆ.

ಇದೆಲ್ಲಕ್ಕೂ ಮುಂಚೆ ತಂತಿ ಎಷ್ಟು ಹಳೆಯದು ಎಂದು ನೋಡಿಕೊಳ್ಳಿ. ಬೆವರು, ಕೊಳೆ ಸೇರಿ ಒಂದೊಂದು ಕಡೆ ಒಂದೊಂದು ತೂಕವಾದ ತಂತಿ ಯಾವ ಬ್ರಿಜ್ ಮೇಲೂ ಶ್ರುತಿಗೆ ಬಾರದು. ಹೊಸ ತಂತಿ ಹಾಕಿ, ಮೊದಲು ನೆಕ್‌ನ ಬಾಗನ್ನು ಅದರೊಳಗಿನ ಟ್ರಸ್ ರಾಡ್‌ನಿಂದ ಸರಿಮಾಡಿ, ಆಮೇಲೆ ಎತ್ತರ ಹೊಂದಿಸಿ, ಕೊನೆಗೆ ಸ್ಯಾಡಲ್ ಹಿಂದೆ ಮುಂದೆ ಮಾಡಬೇಕು. ಈ ಕ್ರಮ ತಲೆಕೆಳಗಾದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ, ಯಾಕೆಂದರೆ ಬಾಗು ಬದಲಾದರೆ ಎತ್ತರ ಬದಲಾಗುತ್ತದೆ, ಎತ್ತರ ಬದಲಾದರೆ ಶ್ರುತಿ ಬದಲಾಗುತ್ತದೆ. ಎತ್ತರಕ್ಕೆ ಒಂದು ಅಂದಾಜು ಬೇಕಿದ್ದರೆ, 9.5 ಇಂಚು ತ್ರಿಜ್ಯದ ಫ್ರೆಟ್‌ಬೋರ್ಡ್ ಇರುವ ಬೇಸ್‌ಗೆ ಫೆಂಡರ್ ಕಂಪನಿ ಕೊಡುವ ಅಳತೆ 17ನೆಯ ಫ್ರೆಟ್ ಮೇಲೆ ಇ ತಂತಿಗೆ ಸುಮಾರು 2.4 ಮಿ.ಮೀ., ಜಿ ತಂತಿಗೆ ಸುಮಾರು 2 ಮಿ.ಮೀ. ಜೋರಾಗಿ ಮೀಟುವವರು ಇದಕ್ಕಿಂತ ತುಸು ಎತ್ತರ ಇಟ್ಟುಕೊಳ್ಳಬಹುದು. ಶ್ರುತಿ ನೋಡುವಾಗ ವಾದ್ಯವನ್ನು ಮೇಜಿನ ಮೇಲೆ ಮಲಗಿಸದೆ, ನುಡಿಸುವಾಗ ಹಿಡಿಯುವಂತೆಯೇ ಹಿಡಿದುಕೊಳ್ಳಿ.

ಅಂಗೈಗೆ ಚುಚ್ಚುವುದು ಸ್ಯಾಡಲ್ ಎತ್ತರ ಹೊಂದಿಸುವ ತಲೆಯಿಲ್ಲದ ಪುಟ್ಟ ಸ್ಕ್ರೂಗಳು. ಸ್ಯಾಡಲನ್ನು ಕೆಳಗಿಳಿಸಿದಷ್ಟೂ ಅವು ಮೇಲೆ ಇಣುಕುತ್ತವೆ. ಅದೇ ಅಳತೆಯ, ಎರಡು ಮೂರು ಮಿ.ಮೀ. ಗಿಡ್ಡ ಇರುವ ಸ್ಟೇನ್‌ಲೆಸ್ ಸ್ಕ್ರೂ ತಂದು ಹಾಕಿದರೆ ಮುಗಿಯಿತು. ಏಷ್ಯಾದಲ್ಲಿ ತಯಾರಾದ ಬೇಸ್‌ಗಳಲ್ಲಿ ಇವು ಸಾಮಾನ್ಯವಾಗಿ 3 ಮಿ.ಮೀ. ದಪ್ಪದವು, 1.5 ಮಿ.ಮೀ. ಅಲೆನ್ ಕೀಗೆ ಹೊಂದುತ್ತವೆ. ಅಮೆರಿಕದಲ್ಲಿ ತಯಾರಾದವುಗಳಲ್ಲಿ ಇಂಚಿನ ಅಳತೆ ಇರುತ್ತದೆ. 1/16 ಇಂಚಿನ ಕೀ ಬೇಕಾದ ಕಡೆ 1.5 ಮಿ.ಮೀ. ಕೀ ಹಾಕಿದರೆ ಹೊಂದಿದಂತೆಯೇ ಅನಿಸುತ್ತದೆ, ಆದರೆ ಬಿಗಿಯಾದ ಸ್ಕ್ರೂ ತಿರುಗಿಸುವಾಗ ಜಾರಿ ಒಳಗಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಸ್ಕ್ರೂ ಹಾಳಾಗುವುದು ಹೀಗೆಯೇ. ನಿಮ್ಮದು ಮಲೆನಾಡು. ಮಳೆಗಾಲದ ತೇವಕ್ಕೆ ಕೈಬೆವರಿನ ಉಪ್ಪು ಸೇರಿದರೆ ಈ ಪುಟ್ಟ ಸ್ಕ್ರೂಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಕರಾವಳಿಯಲ್ಲಿ ಇನ್ನೂ ಬೇಗ. ಕಚ್ಚಿಕೊಂಡಿದ್ದರೆ ಬ್ರಿಜ್ ಬಿಚ್ಚಿ ಹೊರಗಿಟ್ಟು ತುಕ್ಕು ಬಿಡಿಸುವ ಎಣ್ಣೆ ಹನಿಸಿ, ಒಂದು ರಾತ್ರಿ ಬಿಡಿ. ವಾದ್ಯದ ಮೇಲಿದ್ದಾಗಲೇ ಎಣ್ಣೆ ಬಿಡಬೇಡಿ, ಮರ ಅದನ್ನು ಕುಡಿಯುತ್ತದೆ. ಸ್ಕ್ರೂ ಸಡಿಲವಾಗಿ ನುಡಿಸುವಾಗ ತಾನೇ ತಿರುಗಿ ಇಳಿಯುತ್ತಿದ್ದರೆ ಬಣ್ಣವಿಲ್ಲದ ಉಗುರುಬಣ್ಣದ ಒಂದು ತೊಟ್ಟು ಅದನ್ನು ಹಿಡಿದು ನಿಲ್ಲಿಸುತ್ತದೆ, ಬೇಕಾದಾಗ ಬಿಚ್ಚಲೂ ಬರುತ್ತದೆ.

ಗಿಡ್ಡ ಸ್ಕ್ರೂ ಹಾಕಿದರೂ ಚುಚ್ಚುವಷ್ಟು ಸ್ಯಾಡಲ್ ತಳಕ್ಕೆ ಇಳಿದಿದ್ದರೆ ದೋಷ ನೆಕ್‌ನ ಕೋನದಲ್ಲಿದೆ. ನೆಕ್ ಬಿಚ್ಚಿ, ಅದು ಕೂರುವ ಗೂಡಿನಲ್ಲಿ ಬ್ರಿಜ್ ಕಡೆಯ ಅಂಚಿಗೆ ಅರ್ಧ ಮಿ.ಮೀ. ದಪ್ಪದ ಪಟ್ಟಿ ಇಟ್ಟರೆ ಸ್ಯಾಡಲ್‌ಗಳು ಸುಮಾರು 2 ಮಿ.ಮೀ. ಮೇಲೇಳುತ್ತವೆ. ಗೂಡಿನ ಪೂರ್ತಿ ಅಗಲಕ್ಕೂ ಉದ್ದಕ್ಕೂ ಹೊಂದುವಂತೆ ಒಂದು ಕಡೆ ತೆಳುವಾಗಿ ಸವರಿದ ಮರದ ಪಟ್ಟಿ ಸಿಕ್ಕರೆ ಅದೇ ಒಳ್ಳೆಯದು.

ಇನ್ನು ಜಿ ತಂತಿಯ ಸಾಯುವ ಸ್ವರಗಳು. ಬಹುಶಃ 5ರಿಂದ 7ನೆಯ ಫ್ರೆಟ್ ಆಸುಪಾಸಿನಲ್ಲಿರಬೇಕು. ಫೆಂಡರ್ ಮಾದರಿಯ ಬೇಸ್‌ಗಳಲ್ಲಿ ಇದು ಸರ್ವೇಸಾಮಾನ್ಯ, ದುಬಾರಿ ವಾದ್ಯಗಳಲ್ಲೂ ಉಂಟು. ಜರ್ಮನಿಯ ಧ್ವನಿವಿಜ್ಞಾನಿ ಹೆಲ್ಮುಟ್ ಫ್ಲೈಷರ್ ಎಲೆಕ್ಟ್ರಿಕ್ ಗಿಟಾರ್, ಬೇಸ್‌ಗಳ ಕಂಪನವನ್ನು ವರ್ಷಗಳ ಕಾಲ ಅಳೆದವರು. ತಂತಿಯ ಎರಡು ತುದಿಗಳಲ್ಲಿ ಯಾವುದು ಹೆಚ್ಚು ಅಲುಗುತ್ತದೆ ಎಂದು ನೋಡಿದಾಗ ಅವರಿಗೆ ಸಿಕ್ಕ ಉತ್ತರ ನೆಕ್. ದಪ್ಪ ಮರದ ಮೇಲೆ ಬಿಗಿದ ಬ್ರಿಜ್ ಅದರ ಮುಂದೆ ಬಹುತೇಕ ಅಲುಗುವುದೇ ಇಲ್ಲ. ಉದ್ದನೆಯ ತೆಳು ನೆಕ್‌ಗೆ ತನ್ನದೇ ಆದ ಕಂಪನಗಳಿವೆ. ನೀವು ಒತ್ತಿದ ಸ್ವರದ ಆವರ್ತನ ಅದರಲ್ಲೊಂದಕ್ಕೆ ತಾಳೆಯಾದರೆ, ಆ ಫ್ರೆಟ್ಟಿನ ಮೂಲಕ ನೆಕ್ ತಂತಿಯ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಸ್ವರ ಸತ್ತಂತೆ ಕೇಳುವುದು ಆಗ. ನಾದ ಸೋರುತ್ತಿರುವುದು ನೆಕ್ ತುದಿಯಲ್ಲಿ. ಬ್ರಿಜ್ ತುದಿಯನ್ನು ಎಷ್ಟು ಭದ್ರ ಮಾಡಿದರೂ ಆ ಸೋರಿಕೆ ನಿಲ್ಲದು. ಇದನ್ನು ನೀವೇ ಪರೀಕ್ಷಿಸಬಹುದು. ಮರಗೆಲಸದವರ ಬಳಿ ಇರುವ ಸಣ್ಣ ಕ್ಲಾಂಪ್ ಒಂದನ್ನು ಬಟ್ಟೆ ಸುತ್ತಿ ಹೆಡ್‌ಸ್ಟಾಕ್‌ಗೆ ಬಿಗಿದು, ಮತ್ತೆ ಅದೇ ಸ್ವರ ನುಡಿಸಿ. ನೆಕ್‌ನ ತೂಕ ಬದಲಾದ್ದರಿಂದ ಸಾಯುವ ಜಾಗ ಒಂದೆರಡು ಫ್ರೆಟ್ ಆಚೆ ಸರಿಯುತ್ತದೆ. ಎರಡು ಫ್ರೆಟ್‌ಗಳ ನಡುವಿನ ಆವರ್ತನಕ್ಕೆ ಅದು ಸರಿಯುವಂತೆ ತೂಕ ಹೊಂದಿಸಿದರೆ ಕಿರಿಕಿರಿ ಬಹಳ ಕಡಿಮೆಯಾಗುತ್ತದೆ. ಹೆಡ್‌ಸ್ಟಾಕ್‌ಗೆ ಸಿಕ್ಕಿಸುವ ಹಿತ್ತಾಳೆ ತೂಕಗಳು ಮಾರುಕಟ್ಟೆಗೆ ಬಂದದ್ದು, ಕೆಲವರು ಹಗುರ ಟ್ಯೂನರ್ ಹಾಕಿಸುವುದು ಇದೇ ತತ್ವದ ಮೇಲೆ.

ಹಾಗಾದರೆ ತೂಕದ ಬ್ರಿಜ್‌ಗೆ ಇಷ್ಟು ಹೆಸರು ಬಂದದ್ದು ಹೇಗೆ? 1970ರ ದಶಕದಲ್ಲಿ ಲಿಯೊ ಕ್ವಾನ್ ಹೆಸರಿನಲ್ಲಿ ‘ಬ್ಯಾಡ್ಯಾಸ್’ ಎಂಬ ಅಚ್ಚು ಹೊಯ್ದ ದಪ್ಪ ಬ್ರಿಜ್ ಬಂತು. ಫೆಂಡರ್‌ನ ತಗಡು ಬಿಚ್ಚಿದ ಜಾಗದಲ್ಲೇ ಅದು ಕೂರುತ್ತಿತ್ತು. ಬೇಸ್ ವಾದಕ ಗೆಡ್ಡಿ ಲೀ ತಮ್ಮ 1972ರ ಜಾಝ್ ಬೇಸ್‌ಗೆ ಅದನ್ನು ಹಾಕಿಸಿದರು. ಇನ್ನೊಬ್ಬ ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ 1977ರ ಜಾಝ್ ಬೇಸ್‌ಗೆ ನ್ಯೂಯಾರ್ಕಿನ ವಾದ್ಯ ತಯಾರಕ ರೋಜರ್ ಸಡೌಸ್ಕಿ ಅದನ್ನು ಕೂರಿಸಿದರು, ಜೊತೆಗೆ ಒಳಗೆ ಪ್ರಿಆ್ಯಂಪ್ ಕೂಡ ಹಾಕಿದರು. ಅವರಿಬ್ಬರ ನಾದ ಕೇಳಿ ಮರುಳಾದವರು ಬ್ರಿಜ್ ಕೊಂಡರು. ಅದು ಸಹಜ, ನನಗೂ ಆ ನಾದ ಅಚ್ಚುಮೆಚ್ಚು. ಆದರೆ ಆ ನಾದದಲ್ಲಿ ಪಿಕಪ್, ಪ್ರಿಆ್ಯಂಪ್, ಹೊಸ ತಂತಿ, ಎಲ್ಲಕ್ಕಿಂತ ಹೆಚ್ಚಾಗಿ ಆ ಹೆಬ್ಬೆರಳು ಮತ್ತು ಬೆರಳುಗಳ ಪಾಲಿದೆ. ಇನ್ನೊಂದು ಕಡೆ ಬೇಸ್ ವಾದಕ ಜಾಕೊ ಪಸ್ಟೋರಿಯಸ್ ಅವರನ್ನು ನೆನೆಯಿರಿ. ಫ್ರೆಟ್ ಕಿತ್ತ ಅವರ 1962ರ ಜಾಝ್ ಬೇಸ್ ಮೇಲಿದ್ದದ್ದು ಅದೇ ಬಗ್ಗಿಸಿದ ತಗಡು. 1976ರ ಅವರ ಮೊದಲ ಆಲ್ಬಂನಲ್ಲಿರುವ ‘ಪೋರ್ಟ್ರೇಟ್ ಆಫ್ ಟ್ರೇಸಿ’ ಕೇಳಿದವರು ಆ ಬ್ರಿಜ್‌ನಲ್ಲಿ ನಾದ ಉಳಿಯುವುದಿಲ್ಲ ಎನ್ನಲಾರರು. ಬಹುತೇಕ ಗಂಟೆಯಂಥ ಹಾರ್ಮೋನಿಕ್‌ಗಳಿಂದಲೇ ಕಟ್ಟಿದ ರಚನೆ ಅದು.

ಲೋಹದಿಂದ ಏನೂ ವ್ಯತ್ಯಾಸವಿಲ್ಲ ಎಂದು ನಾನು ಹೇಳಲಾರೆ. ಹಿತ್ತಾಳೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ, ಅಲ್ಯೂಮಿನಿಯಂನದು 2.7. ದಪ್ಪ ಹಿತ್ತಾಳೆ ಹಾಕಿದಾಗ ಮೀಟಿದ ಕ್ಷಣದ ಹೊಡೆತ ಸ್ವಲ್ಪ ಬೇರೆಯಾಗಿ ಕೇಳಿತು ಎನ್ನುವ ನುರಿತ ಕಿವಿಗಳಿವೆ. ನಿಮಗೆ ನಿಜ ತಿಳಿಯಬೇಕಿದ್ದರೆ ಬದಲಿಸುವ ಮುಂಚೆ ಒಂದು ಸಾಲನ್ನು ಫೋನಿನಲ್ಲಿ ಬೇಡ, ನೇರ ಕೇಬಲ್ ಮೂಲಕ ರೆಕಾರ್ಡ್ ಮಾಡಿ. ಬದಲಿಸಿದ ಮೇಲೆ ಅದೇ ತಂತಿ, ಅದೇ ಎತ್ತರ, ಪಿಕಪ್‌ಗೂ ತಂತಿಗೂ ಅದೇ ಅಂತರ ಇಟ್ಟು ಅದೇ ಸಾಲು ನುಡಿಸಿ. ಯಾವುದು ಯಾವುದೆಂದು ಹೇಳದೆ ಗೆಳೆಯರೊಬ್ಬರಿಂದ ಹಾಕಿಸಿ ಕೇಳಿ. ಹೊಸ ಬ್ರಿಜ್ ಜೊತೆ ಹೊಸ ತಂತಿ ಹಾಕಿ, ಸೆಟಪ್ ಮಾಡಿಸಿ, ಆಮೇಲೆ ಬಂದ ಸೊಗಸನ್ನೆಲ್ಲ ಹಿತ್ತಾಳೆಯ ಲೆಕ್ಕಕ್ಕೆ ಬರೆಯುವುದು ಬಹಳ ನಡೆಯುತ್ತದೆ.

ನಾದದ ದೃಷ್ಟಿಯಿಂದ ಲೋಹಕ್ಕಿಂತ ಮುಖ್ಯವಾದದ್ದು ಸ್ಯಾಡಲ್‌ನ ಅಂಚು. ನಮ್ಮ ವೀಣೆ, ತಂಬೂರಿಗಳಲ್ಲಿ ಕುದುರೆಯ ಮೇಲ್ಮೈ ಅಗಲವಾಗಿ ನಯವಾಗಿ ಬಾಗಿರುತ್ತದೆ. ತಂತಿ ಕಂಪಿಸುವಾಗ ಆ ಬಾಗಿಗೆ ಸವರಿ ಸವರಿ ಏಳುತ್ತದೆ. ಸಿ. ವಿ. ರಾಮನ್ 1921ರ ತಮ್ಮ ಲೇಖನದಲ್ಲಿ ಇದರ ಬೆರಗನ್ನು ತೋರಿಸಿದ್ದರು: ಸಾಮಾನ್ಯ ತಂತಿಯನ್ನು ಒಂದು ಉಪಸ್ವರದ ನಿಶ್ಚಲ ಬಿಂದುವಿನಲ್ಲಿ ಮೀಟಿದರೆ ಆ ಉಪಸ್ವರ ಹುಟ್ಟಬಾರದು, ಆದರೆ ಈ ಕುದುರೆಗಳ ಮೇಲೆ ಅದೂ ಕೇಳುತ್ತದೆ. ತಂಬೂರಿಯ ಜೀವವೇ ಅದು. ಬೇಸ್‌ಗೆ ಬೇಕಾದದ್ದು ಇದಕ್ಕೆ ಪೂರ್ತಿ ವಿರುದ್ಧ. ತಂತಿ ಒಂದೇ ಗೆರೆಯಲ್ಲಿ ಕಟ್ಟುನಿಟ್ಟಾಗಿ ಮುಗಿಯಬೇಕು. ಸ್ಯಾಡಲ್‌ನ ಗಾಡಿ, ಅಂದರೆ ತಂತಿ ಕೂರುವ ತೋಡು, ಸವೆದು ಚಪ್ಪಟೆಯಾದರೆ ಅಲ್ಲಿ ಸಿತಾರಿನಂಥ ಝೇಂಕಾರ ಏಳುತ್ತದೆ, ತಂತಿಯ ಉದ್ದವೂ ಅಸ್ಪಷ್ಟವಾಗುತ್ತದೆ. ಸಣ್ಣ ಗುಂಡು ಅರದಿಂದ ಗಾಡಿಯನ್ನು ಹಿಂಬದಿಗೆ ತುಸು ಇಳಿಜಾರಾಗಿ ಉಜ್ಜಿದರೆ, ನೆಕ್ ಕಡೆಯ ಅಂಚಿನಲ್ಲೇ ತಂತಿ ಕೂರುತ್ತದೆ. ಗಾಡಿಯ ಅಗಲ ತಂತಿಯ ದಪ್ಪಕ್ಕೆ ಹೊಂದಬೇಕು, ಆಳ ತಂತಿಯ ಅರ್ಧ ದಪ್ಪವನ್ನು ಮೀರಬಾರದು. ಬ್ಯಾಡ್ಯಾಸ್‌ನ ಎರಡನೆಯ ಮಾದರಿಯ ಸ್ಯಾಡಲ್‌ಗಳು ಗಾಡಿ ಇಲ್ಲದೆ ಬೋಳಾಗಿ ಬರುತ್ತಿದ್ದವು. ಕೂರಿಸಿದವರೇ ತಮಗೆ ಬೇಕಾದ ಅಂತರ ನೋಡಿ ಕೊರೆದುಕೊಳ್ಳಬೇಕಿತ್ತು. ನನ್ನ ಪ್ರಕಾರ ಆ ಬ್ರಿಜ್‌ನ ನಿಜವಾದ ಗುಣ ಅದೇ, ತೂಕ ಆಮೇಲೆ.

ಬದಲಿಸಲೇಬೇಕಾದ ಸಂದರ್ಭಗಳನ್ನು ಹೇಳಿದೆನಲ್ಲ, ಅವು ಇವು. ಇ ಮತ್ತು ಜಿ ತಂತಿಗಳು ಫ್ರೆಟ್‌ಬೋರ್ಡಿನ ಅಂಚಿನಿಂದ ಸಮದೂರದಲ್ಲಿಲ್ಲ, ನೆಕ್ ಸರಿಹೊಂದಿಸಿದ ಮೇಲೂ ಜಿ ತಂತಿ ಅಂಚಿನಿಂದ ಜಾರಿ ಬೀಳುತ್ತಿದೆ ಎಂದಾದರೆ ತಂತಿಗಳ ಅಂತರ ಬದಲಿಸಬಲ್ಲ ಬ್ರಿಜ್ ಬೇಕು. ಸ್ಯಾಡಲ್‌ನ ಸ್ಕ್ರೂ ಮರೆ (ಥ್ರೆಡ್) ಸವೆದಿದ್ದರೆ, ತಗಡು ಹಿಂಬದಿ ಎದ್ದಿದ್ದರೆ ಬದಲಿಸಿ. ನಾಲ್ಕು ತಂತಿಯ ಬೇಸ್‌ಗೆ ‘ಬಿ’ಯಿಂದ ಶುರುವಾಗುವ ದಪ್ಪ ಸೆಟ್ ಹಾಕುವವರಿಗೆ ಇನ್ನೂ ಹಿಂದಕ್ಕೆ ಸರಿಯುವ ಸ್ಯಾಡಲ್ ಬೇಕಾಗುತ್ತದೆ. ಹಳೆಯ ಗಿಬ್ಸನ್ ಬೇಸ್‌ಗಳ ಮೂರು ಕಾಲಿನ ಬ್ರಿಜ್‌ನಲ್ಲಿ ಒಂದೊಂದು ತಂತಿಯ ಎತ್ತರ ಬೇರೆಬೇರೆ ಹೊಂದಿಸಲು ಬರುವುದಿಲ್ಲ. ರಿಕನ್‌ಬ್ಯಾಕರ್ ಬೇಸ್‌ಗಳ ಅಚ್ಚಿನ ಟೇಲ್‌ಪೀಸ್ ತಂತಿಯ ಎಳೆತಕ್ಕೆ ಹಿಂಬದಿ ಎದ್ದು ಬರುವುದು ಹೆಸರಾದ ದೋಷ. ಇಂಥವಕ್ಕೆಂದೇ ಹಿಪ್‌ಶಾಟ್, ಬಾಬಿಚ್ ಮುಂತಾದ ಕಂಪನಿಗಳು ಬದಲಿ ಬ್ರಿಜ್ ಮಾಡುತ್ತವೆ. ತಲೆಭಾರದಿಂದ ನೆಕ್ ಕೆಳಗೆ ಜಗ್ಗುವ ಬೇಸ್‌ಗೆ ತೂಕದ ಬ್ರಿಜ್ ಸ್ವಲ್ಪ ಸಮತೋಲ ಕೊಡುತ್ತದೆ ಎಂಬುದೂ ನಿಜ, ಆದರೆ ಆ ಭಾರವನ್ನು ಹೊರುವುದು ನಿಮ್ಮ ಹೆಗಲೇ.

ಇದರಲ್ಲಿ ಯಾವುದಾದರೂ ನಿಮಗೆ ಅನ್ವಯಿಸಿದರೆ, ಕೊಳ್ಳುವ ಮುಂಚೆ ಅಳೆಯಿರಿ. ಸ್ಯಾಡಲ್ ಮೇಲೆ ಇ ತಂತಿಯ ನಡುವಿನಿಂದ ಜಿ ತಂತಿಯ ನಡುವಿನವರೆಗೆ ಎಷ್ಟು? ಫೆಂಡರ್ ಪದ್ಧತಿಯಲ್ಲಿ ತಂತಿಯಿಂದ ತಂತಿಗೆ 19 ಮಿ.ಮೀ., ಹಾಗಾಗಿ ಒಟ್ಟು 57 ಬರಬೇಕು. ಮರಕ್ಕೆ ಬಿಗಿದ ಸ್ಕ್ರೂಗಳು ಎಷ್ಟು, ಅವುಗಳ ನಡುವಿನ ಅಂತರವೇನು? ಹಳೆಯ ಫೆಂಡರ್ ಪದ್ಧತಿಯಲ್ಲಿ ಒಂದೇ ಸಾಲಿನಲ್ಲಿ ಐದು. ಜಪಾನಿನ ಗೋಟೋ 201, ಬ್ಯಾಡ್ಯಾಸ್ ನಿಂತ ಮೇಲೆ ಹಿಪ್‌ಶಾಟ್ ತಂದ ಕಿಕ್ಯಾಸ್ ಇವೆಲ್ಲ ಆ ಐದು ತೂತಿಗೆ ಹೊಂದುವಂತೆ ಮಾಡಿದವು. ಕಡಿಮೆ ಬೆಲೆಯ ವಾದ್ಯಗಳಲ್ಲಿ ತೂತುಗಳು ಬೇರೆ ಕಡೆ ಇರುವುದುಂಟು, ಹಾಗಾಗಿ ನಂಬಿ ಕೊಳ್ಳಬೇಡಿ. ಆ ಸ್ಕ್ರೂ ಸಾಲಿನಿಂದ ಇ ಸ್ಯಾಡಲ್‌ವರೆಗೆ, ಜಿ ಸ್ಯಾಡಲ್‌ವರೆಗೆ ಎಷ್ಟು ದೂರ? ಹೊಸ ಬ್ರಿಜ್‌ನ ಸ್ಯಾಡಲ್‌ಗಳು ಆ ಎರಡೂ ಜಾಗವನ್ನು ಮುಟ್ಟಬೇಕು. ಕೊನೆಯದು, ಬಹಳ ಜನ ಮರೆಯುವುದು: ಬಾಡಿಯಿಂದ ತಂತಿಯ ಎತ್ತರ. ದಪ್ಪ ಬ್ರಿಜ್‌ನ ತಳವೇ ದಪ್ಪ. ಸ್ಯಾಡಲನ್ನು ಪೂರ್ತಿ ಇಳಿಸಿದರೂ ತಂತಿ ಮೇಲೆಯೇ ಉಳಿದರೆ ಮತ್ತೆ ನೆಕ್ ಕೆಳಗೆ ಪಟ್ಟಿ ಇಡಬೇಕಾಗುತ್ತದೆ.

ತೂತುಗಳು ಹೊಂದಿದರೆ ಕೆಲಸ ಮನೆಯಲ್ಲೇ ಮಾಡಬಹುದಾದದ್ದು. ಸ್ಕ್ರೂಡ್ರೈವರ್ ಜಾರಿದರೆ ಗೀರು ಬೀಳುವುದರಿಂದ ಸುತ್ತ ಬಟ್ಟೆ ಹಾಸಿ. ತಂತಿಗಳನ್ನು ಪೂರ್ತಿ ಸಡಿಲಿಸಿ ತೆಗೆದ ಮೇಲೆಯೇ ಬ್ರಿಜ್ ಸ್ಕ್ರೂಗೆ ಕೈ ಹಾಕಿ. ತೂತು ಹೊಂದದಿದ್ದರೆ ಕೆಲಸ ಬದಲಾಗುತ್ತದೆ. ಹಳೆಯ ತೂತಿಗೆ ಗಟ್ಟಿಮರದ ಕಡ್ಡಿಯನ್ನು ಮರದ ಅಂಟು ಹಚ್ಚಿ ಹೊಡೆದು, ಒಂದು ದಿನ ಒಣಗಲು ಬಿಟ್ಟು, ಮಟ್ಟ ಮಾಡಿ, ಆಮೇಲೆ ಹೊಸ ತೂತು ಕೊರೆಯಬೇಕು. ಹೊಸ ಬ್ರಿಜ್‌ನ ಜಾಗ ಗುರುತಿಸಲು ಇ ಮತ್ತು ಜಿ ತಂತಿಗಳನ್ನು ಮಾತ್ರ ಹೆಡ್‌ಸ್ಟಾಕ್ ಬಳಿಯ ನಟ್‌ನಿಂದ ಎಳೆದು ಹಿಡಿದು, ಅವು ಫ್ರೆಟ್‌ಬೋರ್ಡಿನ ಎರಡೂ ಅಂಚಿಗೆ ಸಮದೂರದಲ್ಲಿ ಹಾಯುವಂತೆ ಬ್ರಿಜ್ ಸರಿಸಿ ಗುರುತು ಹಾಕಿ. ನಟ್‌ನಿಂದ 864 ಮಿ.ಮೀ. ದೂರದಲ್ಲಿ ಜಿ ಸ್ಯಾಡಲ್ ತನ್ನ ಓಟದಲ್ಲಿ ಬಹಳ ಮುಂದಿರಲಿ, ಹಿಂದೆ ಹೋಗಲು ಜಾಗ ಉಳಿಯಲಿ. ಡ್ರಿಲ್ ಬಿಟ್‌ನ ದಪ್ಪ ಸ್ಕ್ರೂವಿನ ಮರೆ ಬಿಟ್ಟು ಒಳದಂಡದಷ್ಟೇ ಇರಲಿ, ಆಳ ಮೀರದಂತೆ ಬಿಟ್‌ಗೆ ಟೇಪ್ ಸುತ್ತಿ, ಸ್ಕ್ರೂಗೆ ಸ್ವಲ್ಪ ಮೇಣ ಸವರಿ. ಇದಕ್ಕೆ ಕೈ ಪಳಗಿಲ್ಲದಿದ್ದರೆ ಒಳ್ಳೆಯ ಬಡಗಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ತಗಡು ಹಾಗೆಯೇ ಇದ್ದು ಸ್ಯಾಡಲ್ ಮಾತ್ರ ಹಿತ್ತಾಳೆಯದು ಬೇಕೆಂದರೆ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಯಾವ ಲೇತ್ ಕೆಲಸಗಾರರಾದರೂ ಹಿತ್ತಾಳೆ ಸರಳಿನಿಂದ ಮಾಡಿಕೊಡಬಲ್ಲರು; ಹಳೆಯ ಸ್ಯಾಡಲ್ ಒಂದನ್ನು ಮಾದರಿಗೆ ಕೊಟ್ಟು, ಮರೆಯ ಅಳತೆ ಅದೇ ಇರಬೇಕೆಂದು ಹೇಳಿ. ಬಿಚ್ಚಿದ ಬ್ರಿಜ್, ಅದರ ಸ್ಕ್ರೂಗಳನ್ನು ಚೀಲದಲ್ಲಿ ಹಾಕಿ ಕೇಸ್‌ನಲ್ಲೇ ಇಡಿ. ಹಳೆಯ ಕಾಲದ ಅಸಲಿ ಫೆಂಡರ್ ಯಾರ ಕೈಗಾದರೂ ಸಿಕ್ಕಿದ್ದರೆ ಅದಕ್ಕೆ ಮಾತ್ರ ಹೊಸ ತೂತು ಕೊರೆಯಬೇಡಿ, ಒಂದೇ ತೂತಿಗೂ ಬೆಲೆ ಬೀಳುತ್ತದೆ.

ಬ್ರಿಜ್ ಎತ್ತಿದಾಗ ಕೆಳಗೆ ಮರದ ತೂತಿನಿಂದ ಬಂದ ಸಣ್ಣ ವೈರ್ ಕಾಣುತ್ತದೆ. ಅದರ ಸುಲಿದ ತುದಿ ಬ್ರಿಜ್‌ನ ತಳಕ್ಕೆ ಒತ್ತಿಕೊಂಡಿರಬೇಕು. ತಂತಿಗಳನ್ನು ಜ್ಯಾಕ್‌ನ ಗ್ರೌಂಡ್‌ಗೆ ಸೇರಿಸುವುದು ಅದೇ. ನೀವು ತಂತಿ ಮುಟ್ಟಿದಾಗ ಆ್ಯಂಪ್‌ನ ಗುಂಯ್ ಸದ್ದು ಇಳಿಯುವುದು ಅದರಿಂದ. ಕಪ್ಪು ಬಣ್ಣ ಹಚ್ಚಿದ ಬ್ರಿಜ್‌ಗಳಲ್ಲಿ ಬಣ್ಣವೇ ವಿದ್ಯುತ್ತನ್ನು ತಡೆಯುತ್ತದೆ, ತಳದಲ್ಲಿ ವೈರ್ ತಾಗುವ ಜಾಗವನ್ನು ಉಪ್ಪುಕಾಗದದಿಂದ ಲೋಹ ಕಾಣುವಂತೆ ಉಜ್ಜಿ. ಕೆಲಸ ಮುಗಿದ ಮೇಲೆ ಮಲ್ಟಿಮೀಟರಿನ ಒಂದು ಕಡ್ಡಿ ತಂತಿಗೆ, ಇನ್ನೊಂದು ಜ್ಯಾಕ್‌ನ ಹೊರ ಲೋಹಕ್ಕೆ ಇಟ್ಟು ಬೀಪ್ ಬರುತ್ತದೆಯೇ ನೋಡಿ. ತಂತಿಗಳಿಗೂ ಆ್ಯಂಪ್‌ನ ಲೋಹದ ಪೆಟ್ಟಿಗೆಗೂ ಹೀಗೆ ನೇರ ಸಂಬಂಧವಿದೆ ಎಂಬುದು ನಿಮ್ಮಂಥವರಿಗೆ ಮುಖ್ಯ. ಗಣೇಶೋತ್ಸವದ ಪೆಂಡಾಲಿನಲ್ಲಿ ಅರ್ತಿಂಗ್ ಸರಿಯಿಲ್ಲದೆ, ಆ್ಯಂಪ್ ಒಂದು ಲೈನಿನಲ್ಲಿ, ಮೈಕ್ ಇನ್ನೊಂದು ಲೈನಿನಲ್ಲಿ ಇದ್ದಾಗ, ಕೈ ತಂತಿಯ ಮೇಲೆ, ತುಟಿ ಮೈಕ್ ಮೇಲೆ ಇದ್ದರೆ ಪ್ರಾಣಕ್ಕೇ ಅಪಾಯ. ವೈರ್ ಕತ್ತರಿಸುವುದು ಅದಕ್ಕೆ ಪರಿಹಾರವಲ್ಲ. ನುಡಿಸುವ ಮುಂಚೆ ಟೆಸ್ಟರ್‌ನಿಂದ ಮೈಕ್‌ನ ಜಾಲರಿ ನೋಡಿ, ಎರಡನ್ನೂ ಅರ್ತಿಂಗ್ ಇರುವ ಒಂದೇ ಬೋರ್ಡಿನಿಂದ ಕೊಡಿಸುವಂತೆ ಸೌಂಡ್‌ನವರಿಗೆ ಖಡಾಖಂಡಿತವಾಗಿ ಹೇಳಿ.

ಬ್ರಿಜ್ ಬಳಿ ಮಾಡಬಹುದಾದ, ನಾದವನ್ನು ಒಂದೇ ಏಟಿಗೆ ಬದಲಿಸುವ ಮಾರ್ಪಾಡು ಒಂದಿದೆ, ಅದಕ್ಕೆ ಸ್ಕ್ರೂಡ್ರೈವರೂ ಬೇಡ. ಸ್ಯಾಡಲ್‌ಗೆ ತಾಗಿ ತಂತಿಗಳ ಕೆಳಗೆ ಸಣ್ಣ ಸ್ಪಂಜಿನ ತುಂಡು ತುರುಕಿ. ಹಿಂದೆ ಫೆಂಡರ್ ಬೇಸ್‌ಗಳ ಬ್ರಿಜ್ ಮೇಲೆ ಲೋಹದ ಮುಚ್ಚಳ ಇರುತ್ತಿತ್ತು, ಅದರೊಳಗೆ ಸ್ಪಂಜ್ ಅಂಟಿರುತ್ತಿತ್ತು. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್ ಬೇಸ್‌ನ ಆ ಮುಚ್ಚಳವನ್ನಾಗಲಿ ಸ್ಪಂಜನ್ನಾಗಲಿ ತೆಗೆಯಲಿಲ್ಲ. ಬೇಸ್ ವಾದಕಿ ಕ್ಯಾರಲ್ ಕೇ ಬ್ರಿಜ್ ಬಳಿ ತಂತಿಯ ಮೇಲೆ ಫೆಲ್ಟ್ ತುಂಡು ಇಡುತ್ತಿದ್ದರು. ಹಳೆಯ ಚಿತ್ರಗೀತೆಗಳನ್ನು ನುಡಿಸುವ ಆರ್ಕೆಸ್ಟ್ರಾದಲ್ಲಿ ಹಾಡುಗಾರರ ಕೆಳಗೆ ಗುಂಡಗೆ, ಗಿಡ್ಡಗೆ ಕೂರುವ ಬೇಸ್ ಬಹಳ ಹಿತ. ನಾದ ಉದ್ದ ಉಳಿಯಲಿ ಎಂದು ನೀವು ಕೇಳಿದ್ದೀರಿ. ಒಂದು ಕಛೇರಿಯಲ್ಲಿ ಇದನ್ನೂ ನುಡಿಸಿ ನೋಡಿ.

ಸದ್ಯಕ್ಕೆ ಇಷ್ಟು ಮಾಡಿ: ಹೊಸ ತಂತಿ, ಕತ್ತರಿಸಿದ ಸ್ಪ್ರಿಂಗ್, ಗಿಡ್ಡ ಸ್ಕ್ರೂ, ಹೆಡ್‌ಸ್ಟಾಕ್‌ಗೆ ಕ್ಲಾಂಪ್. ಆಮೇಲೂ ಇ ತಂತಿ ಶ್ರುತಿಗೆ ಬರದಿದ್ದರೆ ಮೇಲೆ ಹೇಳಿದ ನಾಲ್ಕು ಅಳತೆಗಳನ್ನೂ, ಸ್ಯಾಡಲ್ ಎಷ್ಟು ಹಿಂದೆ ಹೋಗಿ ನಿಂತಿತು ಎಂಬುದನ್ನೂ ಬರೆದು ಕಳಿಸಿ. ನಿಮ್ಮ ವಾದ್ಯಕ್ಕೆ ತೂತು ಕೊರೆಯದೆ ಕೂರುವ ಬ್ರಿಜ್ ಯಾವುದು ಎಂದು ಆಗ ನೋಡಿ ಹೇಳುತ್ತೇನೆ.